ಎಲ್ಲರಿಗೂ ಒಂದೇ ನಂಬರು

"ಇನ್ನೊಂದು ಹೆಸರು ತೆಗೀರಿ," ಅಂದಳು ಸಬ್ ಇನ್‌ಸ್ಪೆಕ್ಟರ್ ಶಶಿರೇಖಾ.

ಭೀಮರಾಜ್ ಮೌಸಿನ ಮೇಲಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಫ್ಯಾನು ತಿರುಗುತ್ತಿದ್ದರೂ ಅವನ ಅಂಗೈ ಬೆವರುತ್ತಿತ್ತು.

"ಯಾರ್ದು ಮೇಡಂ?"

"ಯಾರ್ದಾದ್ರೂ ಸರಿ. ಕೋರದ ಕಡೇವ್ರು ಇದ್ರೆ ನೋಡಿ."

ಪರದೆಯ ಮೇಲೆ ಚೌಡಪ್ಪ ಎಂಬ ಹೆಸರು ಬಂತು. ಊರು ಕೋರ, ರಕ್ತದ ಗುಂಪು ಬಿ ಪಾಸಿಟಿವ್. ಅದರ ಕೆಳಗೆ ಮೊಬೈಲ್ ನಂಬರು: 2147483647.

ಶಶಿರೇಖಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಗುಬ್ಬಿಯ ಮುದ್ದಯ್ಯನ ಹೆಸರಿನ ಕೆಳಗೆ ಇದ್ದದ್ದೂ ಇದೇ ನಂಬರು. ಆ ನಂಬರಿಗೆ ಬೆಳಿಗ್ಗೆಯಿಂದ ಅವಳೇ ಎಷ್ಟೋ ಸಲ ಫೋನ್ ಮಾಡಿದ್ದಳು. ಅಂಥ ನಂಬರು ಎಲ್ಲೂ ಇಲ್ಲವೆಂದು ಫೋನಿನ ಹೆಂಗಸು ಪ್ರತಿ ಸಲವೂ ಒಂದೇ ರಾಗದಲ್ಲಿ ಹೇಳಿದ್ದಳು.

ಸೋಮವಾರ ಸಂಜೆ ಗುಬ್ಬಿಯ ಒಂದು ನರ್ಸಿಂಗ್ ಹೋಮಿನಲ್ಲಿ ಹೆಣ್ಣುಮಗುವನ್ನು ಹೆತ್ತ ಸುಶ್ಮಿತಾ, ರಕ್ತ ನಿಲ್ಲದೆ ತೀರಿಕೊಂಡಿದ್ದಳು. ಅವಳದು ಓ ನೆಗೆಟಿವ್, ಸುಲಭಕ್ಕೆ ಸಿಗುವ ಗುಂಪಲ್ಲ. ಅದೇ ಗುಂಪಿನ ಮುದ್ದಯ್ಯ ಆ ಹೊತ್ತಿನಲ್ಲಿ ಎರಡೇ ಬೀದಿ ಆಚೆ, ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಟೀವಿ ನೋಡುತ್ತಾ ಕೂತಿದ್ದ. ರಕ್ತದಾನಿಗಳ ಹೆಸರು, ನಂಬರು ಕೊಡುವ 'ರಕ್ತಬಂಧು' ವೆಬ್‌ಸೈಟು ಅವನ ನಂಬರನ್ನು ತಪ್ಪು ತೋರಿಸಿತ್ತು. ನಂಬರು ತಿದ್ದಿದವನು ಆ ಸೈಟು ಕಟ್ಟಿದ ಕನಕರಾಜು ಎಂದು ಸುಶ್ಮಿತಾಳ ತಂದೆ ಅಂಜನಮೂರ್ತಿ ಮೇಷ್ಟ್ರು ದೂರು ಕೊಟ್ಟಿದ್ದರು. ಅವನು ಹಿಂದೊಮ್ಮೆ ಹೆಣ್ಣು ಕೇಳಿದ್ದ, ಇವರು ಕೊಟ್ಟಿರಲಿಲ್ಲ.

ಕನಕರಾಜು ಈಗ ಲಾಕಪ್ಪಿನಲ್ಲಿದ್ದ. ಮಧ್ಯಾಹ್ನ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಅಲ್ಲಿಂದ ಮುಂದೆ ಅದು ಶಶಿರೇಖಾಳ ಕೈಯಲ್ಲಿರುವುದಿಲ್ಲ.

"ನೋಡಿದ್ರಲ್ಲ ಮೇಡಂ," ಅಂದ ಭೀಮರಾಜ್. ಅವನೂ ಕನಕರಾಜುವೂ ಪಾಲಿಟೆಕ್ನಿಕ್‌ನಲ್ಲಿ ಒಂದೇ ಬೆಂಚು. ಶೆಟ್ಟಿಹಳ್ಳಿಯ ಈ ಜೆರಾಕ್ಸ್ ಅಂಗಡಿಯ ಮೇಲಿನ ರೂಮನ್ನು ಬಾಡಿಗೆ ಹಿಡಿದು, ಇಬ್ಬರೂ ಸೇರಿ ವೆಬ್‌ಸೈಟು ಕಟ್ಟುವ ಕೆಲಸ ಶುರುಮಾಡಿದ್ದರು. "ಒಬ್ಬರ್ದಲ್ಲ, ಎಲ್ಲರ್ದೂ ಕೆಡಿಸಿದ್ದಾನೆ. ಪಾಸ್‌ವರ್ಡ್ ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಲ್ಯಾಂಡ್‌ಲೈನ್ ನಂಬರು ತೋರಿಸಿ."

ಅವನು ತೋರಿಸಿದ. ಒಂದಕ್ಕೂ ಏನೂ ಆಗಿರಲಿಲ್ಲ.

ಶಶಿರೇಖಾ ಕೊತ್ತಗೆರೆಯ ರೈತರ ಮನೆಯ ಮಗಳು. ಕಂಪ್ಯೂಟರು ಅವಳಿಗೆ ಅಷ್ಟಕ್ಕಷ್ಟೆ. ಆದರೆ ಸಿಟ್ಟು ಗೊತ್ತಿತ್ತು. ಹಳ್ಳಿಯಲ್ಲಿ ಹಗೆಗೆ ಬಣವೆಗೆ ಬೆಂಕಿ ಇಟ್ಟವರನ್ನೂ, ಬಾವಿಯ ಮೋಟಾರು ಕಿತ್ತವರನ್ನೂ ನೋಡಿದ್ದಳು. ಸಿಟ್ಟು ಬಂದವನು ಒಬ್ಬನ ಗದ್ದೆಗೆ ಹೋಗುತ್ತಾನೆ. ಊರಿನವರ ಗದ್ದೆಯನ್ನೆಲ್ಲ ಹಾಳುಮಾಡಿ, ಬದುಗಳನ್ನು ಮಾತ್ರ ಹಾಗೇ ಬಿಟ್ಟು ಬರುವುದಿಲ್ಲ.

"ನಾನು ಬರೋವರೆಗೂ ಇಲ್ಲೇ ಇರಿ. ಏನನ್ನೂ ಮುಟ್ಟಬೇಡಿ," ಎಂದು ಅವಳು ಮೆಟ್ಟಿಲಿಳಿದಳು.

ಲಾಕಪ್ಪಿನಲ್ಲಿ ಕನಕರಾಜು ಗೋಡೆಗೆ ಒರಗಿ ಕೂತಿದ್ದ. ಹೆಡ್ ಕಾನ್ಸ್‌ಟೇಬಲ್ ಶಿವರಾಮಯ್ಯ ತಂದಿಟ್ಟ ಇಡ್ಲಿ ಎಲೆಯಲ್ಲಿ ಹಾಗೇ ಒಣಗಿತ್ತು.

"ಊಟ ಬಿಟ್ರೆ ಸತ್ತವ್ಳು ಬರ್ತಾಳೇನಪ್ಪಾ?" ಅಂದ ಶಿವರಾಮಯ್ಯ. ಗದರಿದಂತಿದ್ದರೂ ದನಿಯಲ್ಲಿ ಮರುಕವಿತ್ತು. ಅವನಿಗೂ ಇದೇ ವಯಸ್ಸಿನ ಮಗನಿದ್ದ.

ಶಶಿರೇಖಾ ಸ್ಟೂಲು ಎಳೆದುಕೊಂಡು ಕಂಬಿಯ ಹತ್ತಿರ ಕೂತಳು. "ಸುಶ್ಮಿತಾನ ಕೇಳಿದ್ದು ನಿಜಾನಾ?"

"ನಿಜ ಮೇಡಂ. ಅವರಪ್ಪ ಆಗಲ್ಲ ಅಂದದ್ದೂ ನಿಜ. ಅವಳೂ ಆಗಲ್ಲ ಅಂದ್ಲು. ನನ್ನೆದುರಿಗೇ ಹೇಳಿದ್ಲು, ಬೇಜಾರು ಮಾಡ್ಕೋಬೇಡಿ ಅಂತ." ಅವನು ನೆಲ ನೋಡುತ್ತಾ ಹೇಳಿದ. "ಮದ್ವೆ ಆದ್ಮೇಲೆ ಅವಳೇ ಫೋನ್ ಮಾಡಿ, ನಿಮ್ಮ ಸೈಟಿಗೆ ನನ್ನ ಹೆಸ್ರೂ ಸೇರಿಸ್ಕೊಳ್ಳಿ, ನನ್ನ ಗುಂಪು ಸಿಗೋದು ಕಷ್ಟ ಅಂತೆ, ಯಾರಿಗಾದ್ರೂ ಆಗುತ್ತೆ ಅಂದಿದ್ಲು. ನಾನೇ ಸೇರಿಸ್ದೆ."

ಶಶಿರೇಖಾ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದಳು.

"ನಂಬರು ಕೆಟ್ಟಿರೋದು ಮುದ್ದಯ್ಯಂದು ಮಾತ್ರ ಅಲ್ಲ. ಮೊಬೈಲ್ ಇರೋ ಅಷ್ಟೂ ಜನರ್ದು. ಎಲ್ಲರಿಗೂ ಒಂದೇ ನಂಬರು."

ಕನಕರಾಜು ತಟ್ಟನೆ ತಲೆಯೆತ್ತಿದ. "ಒಂದೇ ನಂಬರಾ? ಇನ್ನೂರ ಹದಿನಾಲ್ಕರಿಂದ ಶುರುವಾಗುತ್ತಾ ಮೇಡಂ? ಕೊನೇಲಿ ಆರುನೂರ ನಲವತ್ತೇಳಾ?"

ಶಿವರಾಮಯ್ಯ ಮೇಜು ಬಡಿದ. "ನೋಡಿದ್ರಾ ಮೇಡಂ! ನಾವು ಹೇಳೋಕ್ಮುಂಚೆ ಇವ್ನೇ ಹೇಳ್ಬುಟ್ಟ! ತಿದ್ದಿದೋನಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಶಶಿರೇಖಾಳಿಗೂ ಹಾಗೇ ಅನ್ನಿಸಿತು. ಇವನು ನಿರಪರಾಧಿ ಎಂದು ಅವಳ ಮನಸ್ಸು ಆಗಲೇ ಅರ್ಧ ತೀರ್ಮಾನ ಮಾಡಿಬಿಟ್ಟಿತ್ತು.

ಆದರೆ ಕನಕರಾಜು ಎದ್ದು ಬಂದು ಕಂಬಿ ಹಿಡಿದುಕೊಂಡಿದ್ದ. ಅವನ ಕಣ್ಣು ತುಂಬಿತ್ತು. "ಅಯ್ಯೋ ಭೀಮ," ಅಂದ ತನ್ನಷ್ಟಕ್ಕೆ. "ಬದಲಾಯಿಸ್ಬಿಟ್ಯೇನೋ... ನಂಗೆ ಹೇಳ್ದೇನೇ ಬದಲಾಯಿಸ್ಬಿಟ್ಯೇನೋ..."

"ಏನು ಬದಲಾಯಿಸಿದ್ದು?"

"ಡೇಟಾಬೇಸು ಮೇಡಂ." ಅವಳ ಮುಖ ನೋಡಿ ಬಿಡಿಸಿ ಹೇಳಿದ. "ದಾನಿಗಳ ಹೆಸ್ರು, ಊರು, ನಂಬರು ಎಲ್ಲ ತುಂಬಿಡೋ ಉಗ್ರಾಣ ಅಂದ್ಕೊಳ್ಳಿ. ಅದ್ರಲ್ಲಿ ಬೇರೆ ಬೇರೆ ಥರ ಇದಾವೆ. ನಾನು ಕಟ್ಟಿದ್ದು ಪೋಸ್ಟ್‌ಗ್ರೆಸ್‌ನಲ್ಲಿ. ಭೀಮಂಗೆ ಮೊದ್ಲಿಂದ ಮೈಎಸ್‌ಕ್ಯೂಎಲ್ ಅಂದ್ರೆ ಪ್ರಾಣ. ದಿನಾ ಇದೇ ಜಗಳ ನಮಗೆ. ಮೊದಮೊದ್ಲು ನಗ್ತಾ ನಗ್ತಾನೇ ಆಡ್ತಿದ್ವಿ. ಆಮೇಲೆ ಮಾತು ಬಿಡೋವರೆಗೂ ಹೋಯ್ತು."

"ಒಂದು ಉಗ್ರಾಣಕ್ಕೆ ಮಾತು ಬಿಡೋದೇನ್ರಿ?"

"ನಿಮಗೆ ತಮಾಷೆ ಅನ್ಸುತ್ತೆ. ಒಂದ್ಸಲ ನನ್ನ ಆ ರೂಮಿಗೆ ಕರ್ಕೊಂಡು ಹೋಗಿ ಮೇಡಂ. ಬೇಡಿ ಹಾಕೇ ಕರ್ಕೊಂಡು ಹೋಗಿ. ನಾನು ಯಾವ್ದನ್ನೂ ಮುಟ್ಟಲ್ಲ. ನೀವೇ ಒತ್ತಿ, ನೀವೇ ನೋಡಿ."

ಜೀಪು ಶೆಟ್ಟಿಹಳ್ಳಿಗೆ ಬಂದಾಗ ಜೆರಾಕ್ಸ್ ಅಂಗಡಿಯ ಮುಂದೆ ಜನ ನಿಂತು ನೋಡಿದರು. ಕನಕರಾಜು ತಲೆ ತಗ್ಗಿಸಿಕೊಂಡೇ ಮೆಟ್ಟಿಲು ಹತ್ತಿದ. ಹಿಂದೆ ಶಿವರಾಮಯ್ಯ, ಯಾವ ಗಳಿಗೆಯಲ್ಲಿ ಓಡಿಬಿಡುತ್ತಾನೋ ಎಂಬಂತೆ.

ಗೆಳೆಯನನ್ನು ಬಾಗಿಲಲ್ಲಿ ಕಂಡ ಭೀಮರಾಜ್ ಎದ್ದು ನಿಂತ.

"ಭೀಮ, ಮೇಡಂ ಹೇಳಿದ್ದನ್ನ ಟೈಪ್ ಮಾಡು. ಹೊಸ ದಾನಿ," ಅಂದ ಕನಕರಾಜು. "ಮೇಡಂ, ನಿಮ್ಮ ಮೊಬೈಲ್ ನಂಬರೇ ಹೇಳಿ."

ಶಶಿರೇಖಾ ತೊಂಬತ್ತೆಂಟರಿಂದ ಶುರುವಾಗುವ ತನ್ನ ನಂಬರನ್ನು ನಿಧಾನವಾಗಿ ಹೇಳಿದಳು. ಭೀಮರಾಜ್ ಹೊಡೆದ. ಒಂದಂಕಿಯೂ ತಪ್ಪಿಲ್ಲ ಎಂದು ಬಗ್ಗಿ ನೋಡಿ, ಸೇರಿಸುವ ಗುಂಡಿಯನ್ನು ಅವಳೇ ಒತ್ತಿದಳು. ಪರದೆ ಒಂದು ಕ್ಷಣ ಬಿಳಿಯಾಯಿತು. 'ನಿಮ್ಮ ವಿವರ ಸೇರಿಸಲಾಗಿದೆ, ಧನ್ಯವಾದ' ಎಂಬ ಸಾಲು ಬಂತು. ಅದರ ಕೆಳಗೆ ಅವಳ ಹೆಸರು. ಹೆಸರಿನ ಮುಂದೆ 2147483647.

ಶಿವರಾಮಯ್ಯ ಬಗ್ಗಿ ಆ ಅಂಕಿಗಳನ್ನು ಒಂದೊಂದಾಗಿ ಓದಿದ.

"ಯಾರೂ ತಿದ್ದಿಲ್ಲ ಮೇಡಂ," ಅಂದ ಕನಕರಾಜು. "ಭೀಮ ಆ ಜಾಗಕ್ಕೆ ಇಲ್ಲಿ ಸಂಖ್ಯೆ ಇರುತ್ತೆ ಅಂತ ಬರ್ದಿದ್ದಾನೆ. ಸಂಖ್ಯೆ ಇಡೋ ಆ ಡಬ್ಬಕ್ಕೆ ಒಂದು ಅಳತೆ ಇದೆ, ಸೇರು ಇದ್ದಂಗೆ. ಅದ್ರ ಕಂಠಮಟ್ಟ ಅಂದ್ರೆ ಈ ನಂಬರೇ. ಲ್ಯಾಂಡ್‌ಲೈನ್ ಆರೇಳು ಅಂಕಿ, ಹಿಡಿಯುತ್ತೆ. ಮೊಬೈಲು ಹಿಡಿಯಲ್ಲ. ಹಿಡೀದೆ ಇದ್ದಾಗ ಇದು ಬೇಡ ಅನ್ನಲ್ಲ ಮೇಡಂ. ಕಂಠದವರೆಗೂ ತುಂಬ್ಕೊಂಡು, ಮಿಕ್ಕಿದ್ದನ್ನ ಚೆಲ್ಲಿ, ಆಯ್ತು ಅಂತ ಧನ್ಯವಾದ ಹೇಳುತ್ತೆ."

ಮೂಲೆಯಲ್ಲಿ ಬಟ್ಟೆ ಹೊದಿಸಿದ್ದ ಹಳೆಯ ಕಂಪ್ಯೂಟರನ್ನು ಅವನು ಕಣ್ಣಲ್ಲೇ ತೋರಿಸಿದ. "ನನ್ನದು ಅದ್ರಲ್ಲಿದೆ. ನಾನೂ ಬೇಕು ಅಂತ್ಲೇ ಅದೇ ತಪ್ಪು ಮಾಡಿಸ್ತೀನಿ, ನೋಡಿ."

ಅವನು ಹೇಳಿಕೊಟ್ಟ ಸಾಲುಗಳನ್ನು ಭೀಮರಾಜ್ ಹೊಡೆದ. ಮತ್ತೆ ಅವಳದೇ ನಂಬರು. ಈ ಸಲ ಧನ್ಯವಾದ ಬರಲಿಲ್ಲ. ಸಂಖ್ಯೆ ಮಿತಿ ಮೀರಿದೆ, ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಮುಖಕ್ಕೆ ಹೊಡೆದಂತೆ ಬಂತು.

"ಇದು ಜಗಳ ಆಡುತ್ತೆ ಮೇಡಂ. ಅದಕ್ಕೇ ನಂಗಿಷ್ಟ. ಕೆಲಸ ನಿಲ್ಲಿಸಿ ತಲೆ ತಿನ್ನುತ್ತೆ ಅಂತ ಭೀಮ ಬೈಯ್ಯೋನು. ನಿಜಾನೇ, ತಿನ್ನುತ್ತೆ." ಅವನು ತಡೆದು ಹೇಳಿದ, "ಹಂಗಂತ ಮೈಎಸ್‌ಕ್ಯೂಎಲ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಅರ್ಧ ಪ್ರಪಂಚ ಅದ್ರಲ್ಲೇ ಸೈಟು ನಡೆಸ್ತಿದೆ. ಅಳತೆ ತಪ್ಪಿತು ಅಂತ ಅದೂ ಒಳಗೊಳಗೇ ಒಂದು ಎಚ್ಚರಿಕೆ ಇಟ್ಕೊಂಡಿರುತ್ತೆ, ಕೇಳಿದ್ರೆ ಹೇಳುತ್ತೆ. ನಾವು ಕೇಳ್ಲಿಲ್ಲ. ಅಳತೆ ಕೊಟ್ಟಿದ್ದೂ ನಾವೇ."

ನಾವು ಅಂದ. ಭೀಮ ಅನ್ನಲಿಲ್ಲ. ಶಶಿರೇಖಾ ಅದನ್ನು ಗಮನಿಸಿದಳು. ಭೀಮರಾಜನೂ ಗಮನಿಸಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

"ಯಾವತ್ತು ಬದಲಾಯಿಸಿದ್ದು ಭೀಮರಾಜ್?" ಅವಳ ದನಿ ಗಟ್ಟಿಯಾಗಿತ್ತು.

"ಭಾನುವಾರ."

"ಅಂದ್ರೆ ಸುಶ್ಮಿತಾನ ಆಸ್ಪತ್ರೆಗೆ ಸೇರಿಸೋ ಹಿಂದಿನ ದಿನ."

ಅವನು ತಲೆಯಾಡಿಸಿದ. "ನಮಗೆ ಸಿಕ್ಕಿರೋ ಅಗ್ಗದ ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ ಬಿಟ್ರೆ ಬೇರೆ ಇಲ್ಲ ಮೇಡಂ. ಸೈಟು ಈ ರೂಮಿನ ಕಂಪ್ಯೂಟರಲ್ಲಿ ಓಡ್ತಿತ್ತು. ಕರೆಂಟ್ ಹೋದ್ರೆ ನಿಂತೋಗೋದು. ಗುಬ್ಬಿ, ಕುಣಿಗಲ್ ಆಸ್ಪತ್ರೆಯೋರು ಫೋನ್ ಮಾಡಿ ಬೈಯ್ಯೋರು. ಕನಕ ಇವತ್ತು ಬೇಡ ನಾಳೆ ಅಂತ ತಳ್ತಾನೇ ಇದ್ದ. ಒಂದ್ಸಲ ಮಾಡಿ ತೋರಿಸಿದ್ರೆ ಸುಮ್ಮನಾಗ್ತಾನೆ ಅಂತ..." ಅವನು ಅಂಗೈಯನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಂಡ. "ಫೋನ್ ನಂಬರ್ ಅಂದ್ರೆ ನಂಬರ್ ತಾನೇ ಅಂದ್ಕೊಂಡೆ. ಈ ಆಫೀಸಿನ ಲ್ಯಾಂಡ್‌ಲೈನ್ ಹಾಕಿ ಪರೀಕ್ಷೆ ಮಾಡ್ದೆ. ಸರಿಯಾಗೇ ಬಂತು."

"ತಪ್ಪಾಗಿದೆ ಅಂತ ಯಾವಾಗ ಗೊತ್ತಾಯ್ತು?"

ಕೆಳಗೆ ಜೆರಾಕ್ಸ್ ಮಿಷನ್ನಿನ ಸದ್ದು ಬರುತ್ತಿತ್ತು. ಭೀಮರಾಜ್ ಮೌಸನ್ನು ಅತ್ತಿತ್ತ ಸರಿಸಿದ.

"ಕೇಳಿದ್ದು ಕೇಳಿಸ್ತಾ?"

"ಮಂಗಳವಾರ ಬೆಳಿಗ್ಗೆ ಮೇಡಂ. ಸುದ್ದಿ ಬಂದ್ಮೇಲೆ ತೆಗೆದು ನೋಡಿದೆ."

"ಅವತ್ತೇ ಮಧ್ಯಾಹ್ನ ನಮ್ಮ ಠಾಣೆಗೆ ಬಂದು, ಕನಕರಾಜುನೇ ತಿದ್ದಿರಬೇಕು ಅಂತ ಹೇಳಿಕೆ ಕೊಟ್ರಿ."

"ಅಂಜನಮೂರ್ತಿ ಮೇಷ್ಟ್ರು ಆಗಲೇ ಅವನ ಹೆಸ್ರು ಹೇಳ್ಬಿಟ್ಟಿದ್ರು ಮೇಡಂ. ನೀವು ಪಾಸ್‌ವರ್ಡ್ ಯಾರಿಗೆ ಗೊತ್ತು ಅಂತ ಕೇಳಿದ್ರಿ. ನಂಗೆ ಹೆದ್ರಿಕೆ ಆಯ್ತು. ಒಂದು ಹೆಣ್ಣುಜೀವ ಹೋಗಿದೆ, ಅದು ನನ್ನ ಕೈಯಿಂದ ಅಂತ ಹೆಂಗೆ ಬಾಯಿ ಬಿಡ್ಲಿ?" ಅವನು ಕುರ್ಚಿಯ ಮೇಲೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

ಶಿವರಾಮಯ್ಯ ಕನಕರಾಜುವಿನ ಮುಖ ನೋಡಿದ. ಈಗ ಇವನು ಬೈಯುತ್ತಾನೆ, ಬೇಡಿಯ ಕೈಯಲ್ಲೇ ಎರಡು ಬಾರಿಸಿದರೂ ತಪ್ಪಿಲ್ಲ ಎಂದು ಅವನ ಲೆಕ್ಕ.

ಕನಕರಾಜು ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿದ್ದ. ಅಲ್ಲಿಂದಲೇ ಅಂದ, "ರಾತ್ರಿಯೆಲ್ಲ ನಾನಲ್ಲಿ ಕೂತಿದ್ದೆ ಕಣೋ. ನೀನು ಬರ್ತೀಯ ಅಂತ ಬಾಗಿಲು ನೋಡ್ತಿದ್ದೆ. ಜಾಮೀನು ಕೊಡಕ್ಕಲ್ಲ, ಸುಮ್ನೆ ಬರ್ತೀಯ ಅಂತ." ಆಮೇಲೆ, "ಹಳೇದ್ರಲ್ಲಿ ಎಲ್ಲರ ನಂಬರೂ ಸರಿಯಾಗಿದೆ. ಮೊದ್ಲು ಅದನ್ನ ತಿರ್ಗಿ ಹಾಕು. ಈಗ, ಈ ಹೊತ್ತಿಗೆ, ಇನ್ಯಾರಿಗಾದ್ರೂ ಬೇಕಾಗಿರುತ್ತೆ."

ಭೀಮರಾಜ್ ಕಣ್ಣೊರೆಸಿಕೊಂಡು ಕೀಬೋರ್ಡಿಗೆ ಕೈ ಹಾಕಿದ. ನಂಬರುಗಳು ಒಂದರ ಕೆಳಗೊಂದು ಸರಿಯಾಗತೊಡಗಿದವು. ಮುದ್ದಯ್ಯನ ಹೆಸರು ಬಂದಾಗ ಶಶಿರೇಖಾ ತಡೆಯಲಾರದೆ ತನ್ನ ಮೊಬೈಲಿನಿಂದ ಆ ನಂಬರಿಗೆ ಒತ್ತಿದಳು.

ಒಂದೇ ರಿಂಗಿಗೆ ಎತ್ತಿದರು. "ಹಲೋ? ಯಾರಮ್ಮಾ? ರಕ್ತ ಬೇಕಿತ್ತಾ? ಎಲ್ಲಿಗ್ ಬರ್ಲಿ ಹೇಳಿ, ಈಗ್ಲೇ ಹೊರಡ್ತೀನಿ."

ಈಗ ಬೇಡ, ಬೇಕಾದಾಗ ಕರೀತೀನಿ ಎಂದು ಅವಳು ಫೋನ್ ಇಟ್ಟಳು.

ಮಧ್ಯಾಹ್ನ ಕೋರ್ಟಿನಲ್ಲಿ ಕನಕರಾಜುವಿಗೆ ಜಾಮೀನು ಸಿಕ್ಕಿತು. ಪೊಲೀಸರ ಕಡೆಯಿಂದ ತಕರಾರು ಬರಲಿಲ್ಲ. ಅಂಜನಮೂರ್ತಿ ಮೇಷ್ಟ್ರು ಕೋರ್ಟಿನ ಹುಣಸೆಮರದ ಕೆಳಗೆ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಶಶಿರೇಖಾ ಹತ್ತಿರ ಕೂತು ನಡೆದದ್ದನ್ನೆಲ್ಲ ಹೇಳಿದಳು. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಮೇಷ್ಟ್ರು. ಒಂದು ಸಂಖ್ಯೆ ತಮ್ಮ ಮಗಳನ್ನು ಕೊಂದಿತೆಂಬ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡರು.

"ಹಂಗಾದ್ರೆ ಯಾರ ಮೇಲೂ ಸಿಟ್ಟು ಮಾಡೋ ಹಂಗಿಲ್ಲ ಅನ್ನಮ್ಮ," ಅಂದರು ಕೊನೆಗೆ. "ಸಿಟ್ಟಿದ್ದಾಗ ಎದ್ದು ಓಡಾಡೋಕಾದ್ರೂ ಆಗ್ತಿತ್ತು."

ಆ ಮಾತು ಅವಳನ್ನು ಬಿಡಲಿಲ್ಲ. ಅಲ್ಲಿಗೆ ಪ್ರಕರಣ ಮುಗಿದಂತೆಯೇ. ಆದರೆ ಒಂದು ಸಂಗತಿ ಮಾತ್ರ ಹೊಂದುತ್ತಿರಲಿಲ್ಲ. ಸತ್ತ ನಂಬರು ಸತ್ತದ್ದೆಂದು ತಿಳಿಯಲು ಒಂದು ಗಳಿಗೆ ಸಾಕು. ಗುಬ್ಬಿಯಿಂದ ತುಮಕೂರಿನ ರಕ್ತನಿಧಿಗೆ ಕಾರಿನಲ್ಲಿ ಎಷ್ಟು ದೂರ? ಕೂಡಲೇ ಒಬ್ಬರನ್ನು ಓಡಿಸಿದ್ದರೆ ರಕ್ತ ಬರುತ್ತಿತ್ತು. ಆದರೆ ಒಂದು ಗಂಟೆಯ ಹತ್ತಿರ ನರ್ಸಿಂಗ್ ಹೋಮಿನಿಂದ ಯಾರೂ ಎಲ್ಲಿಗೂ ಹೋಗಿರಲಿಲ್ಲ. ಯಾತಕ್ಕೆ ಕಾದರು?

ಡಾಕ್ಟರು ಹೆರಿಗೆ ಕೋಣೆಯಿಂದ ಹೊರಗೇ ಬಂದಿರಲಿಲ್ಲವಂತೆ. ಫೋನ್ ನೋಡಿಕೊಂಡವಳು ನರ್ಸು ಚಿಕ್ಕಮಾರಮ್ಮ. ಮಾರನೆಯ ದಿನವೇ ಅವಳು ರಜೆ ಹಾಕಿ ಊರಿಗೆ ಹೋಗಿದ್ದಳು. ಊರು ಯಾವುದೆಂದು ಕೇಳಿದರೆ ಕೊತ್ತಗೆರೆ.

ಕುಣಿಗಲ್ ರಸ್ತೆಯಲ್ಲಿ ಜೀಪು ಹೊರಟಿತು. ಕೊತ್ತಗೆರೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಚಿಕ್ಕಮಾರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಖಾಕಿ ಕಂಡದ್ದೇ ಮೊರ ಕೈಜಾರಿ ಕಾಳೆಲ್ಲ ಚೆಲ್ಲಾಪಿಲ್ಲಿಯಾಯಿತು. ಶಶಿರೇಖಾ ಕೆಳಗೆ ಕೂತು ತಾನೂ ಕಾಳು ಆರಿಸಿ ಮೊರಕ್ಕೆ ಹಾಕತೊಡಗಿದಳು.

"ನಾನೂ ಇದೇ ಊರವ್ಳು ಚಿಕ್ಕಮಾರಮ್ಮ. ಹೆದ್ರಬೇಡ. ಆ ನಂಬರು ಹೋಗ್ದೆ ಇದ್ದಾಗ ಏನು ಮಾಡ್ದೆ, ಅಷ್ಟು ಹೇಳು."

ಚಿಕ್ಕಮಾರಮ್ಮನ ಕಣ್ಣಿಂದ ಬಳಬಳ ನೀರು ಸುರಿಯಿತು. "ತುಮಕೂರಿಗೆ ಕಾರು ಕಳಿಸೋಕೆ ಅಂತ ಡ್ರೈವರ್ನ ಕರ್ದೆ ಮೇಡಂ. ಇನ್ನೇನು ಹೊರಡ್ಬೇಕು, ಅಷ್ಟ್ರಲ್ಲಿ ನಮ್ಮ ಫೋನೇ ಹೊಡ್ಕೊಂತು. ನಾನು ಮುದ್ದಯ್ಯನವ್ರ ಮನೆಯೋಳು ಮಾತಾಡ್ತಾ ಇರೋದು, ಸುದ್ದಿ ಗೊತ್ತಾಯ್ತು, ನಮ್ಮ ಯಜಮಾನ್ರು ಹೊರಟವ್ರೆ, ಕಾರು ಗೀರು ಕಳಿಸ್ಬೇಡಿ ಅಂದ್ರು. ನಾನು ಕಾರು ನಿಲ್ಲಿಸ್ಬುಟ್ಟೆ. ಬಾಗ್ಲಲ್ಲೇ ನಿಂತು ಕಾದೆ ಮೇಡಂ... ಯಾರೂ ಬರ್ಲೇ ಇಲ್ಲ. ನಾನು ನಿಲ್ಲಿಸಿದ್ದಕ್ಕೇ ಹೋದ್ಲಲ್ಲ ಅಂತ ಯಾರ ಹತ್ರಾನೂ ಹೇಳ್ಲಿಲ್ಲ."

ಶಶಿರೇಖಾ ಅಂಗಳದಲ್ಲೇ ನಿಂತು ಮುದ್ದಯ್ಯನಿಗೆ ಫೋನ್ ಮಾಡಿದಳು.

"ನಿಮ್ಮ ಹೆಂಡ್ತಿ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

ಆ ಕಡೆ ಮುದ್ದಯ್ಯ ನಕ್ಕ. "ಹೆಂಡ್ತೀನಾ? ನಂಗೆಲ್ಲಿ ಹೆಂಡ್ತಿ ತಾಯಿ? ನಾನು ಮದ್ವೇನೇ ಆಗ್ಲಿಲ್ವಲ್ಲ!"

ಅವಳು ಫೋನ್ ಇಟ್ಟು ತಿರುಗಿದಳು. ಅವಳ ಮುಖ ನೋಡಿಯೇ ಚಿಕ್ಕಮಾರಮ್ಮ ಎದ್ದು ನಿಂತಿದ್ದಳು.

"ಆ ಹೆಂಗಸು ಇನ್ನೇನಂದ್ಲು? ಒಂದೊಂದು ಮಾತೂ ನೆನಪು ಮಾಡ್ಕೊ."

"ಬೇರೇನಿಲ್ಲ ಮೇಡಂ. ಇಡೋಕ್ಮುಂಚೆ, ಗಾಬರಿ ಆಗ್ಬೇಡ ಚಿಕ್ಕೀ ಅಂದ್ರು."

"ಚಿಕ್ಕೀನಾ? ಹಂಗೆ ನಿನ್ನ ಯಾರು ಕರೀತಾರೆ?"

ಅಷ್ಟು ದಿನ ತನಗೇ ಹೊಳೆಯದಿದ್ದದ್ದು ಆಗ ಹೊಳೆದಂತೆ ಚಿಕ್ಕಮಾರಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನಮ್ಮ ಆಸ್ಪತ್ರೆ ಒಳಗಿನೋರು ಮಾತ್ರ ಮೇಡಂ."